ಬೋರ್ಡಿನ ಕೆಳಗೇ ಹೊಗೆ

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಪಕ್ಕದವರು ಸಿಗರೇಟು ಹಚ್ಚಿದರು. ತಲೆಯ ಮೇಲೇ ‘ಧೂಮಪಾನ ನಿಷೇಧಿಸಿದೆ’ ಬೋರ್ಡು.

‘ಸಾರ್, ಇಲ್ಲಿ ಸೇದೋ ಹಾಗಿಲ್ಲ’ ಅಂದೆ.

‘ಬಯಲಲ್ವೇನ್ರೀ ಇದು?’

ಬಯಲೇ. ಆದರೆ 2008ರ ನಿಯಮದಲ್ಲಿ ಬಸ್ ಸ್ಟಾಪೂ ಸೇರಿದೆ. 200 ರೂಪಾಯಿ ಇದ್ದ ದಂಡ 2025ರಿಂದ ನಮ್ಮ ರಾಜ್ಯದಲ್ಲಿ 1000 ಆಗಿದೆ. ಅಷ್ಟು ಹೇಳಿದ್ದೇ ತಡ, ನಾಲ್ಕು ಹೆಜ್ಜೆ ಸರಿದು ಗೂಡಂಗಡಿ ಮುಂದೆ ನಿಂತರು. ಅಲ್ಲಿ ಕಂಬಕ್ಕೆ ದಾರ ಕಟ್ಟಿ ಲೈಟರ್ ತೂಗುಹಾಕಿದ್ದಾರೆ. ದಾರದ ತುದಿ ಸುಟ್ಟು ಕಪ್ಪಾಗಿದೆ. ಬಿಡಿ ಸಿಗರೇಟು ಮಾರೋದೂ ತಪ್ಪೇ, ಆದರೂ ಪ್ಯಾಕು ತೆರೆದೇ ಇರುತ್ತೆ. ದಂಡದ ರಸೀದಿ ಹರಿಯುವವರನ್ನು ನಾನಂತೂ ಇಲ್ಲಿ ನೋಡಿಲ್ಲ.

ಹೊಗೆ ಮಾತ್ರ ಸೀದಾ ನನ್ನ ಕಡೆಗೇ ಬಂತು. ಕಾಲೇಜಿನ ದಿನಗಳಲ್ಲಿ ನಾನೂ ಇಂಥದ್ದೇ ಅಂಗಡಿ ಮುಂದೆ ನಿಂತವನು, ಹಾಗಾಗಿ ಜಾಸ್ತಿ ಮಾತಾಡಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಸ್ ಬಂತು.