ರೈಲು ಬರುವಾಗ ಭಯ ಆಗ್ಲಿಲ್ವಾ?

ಥೈಲ್ಯಾಂಡಿಗೆ ಹೋಗಿ ಬಂದು ಹತ್ತಿರ ಹತ್ತಿರ ಒಂದು ವರ್ಷವಾಯಿತು. ಕಾರವಾರದಲ್ಲಿ ಸಿಕ್ಕವರೆಲ್ಲ ಇವತ್ತಿಗೂ ಕೇಳುವುದು ಒಂದೇ: "ಹಳಿ ಮೇಲಿನ ಸಂತೆಗೆ ಹೋಗಿದ್ರಂತಲ್ಲ, ರೈಲು ಬರುವಾಗ ಭಯ ಆಗ್ಲಿಲ್ವಾ?" ತಪ್ಪು ನನ್ನದೇ. ಬಂದ ಮರುದಿನವೇ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಿದ್ದೆ. ಅದರಲ್ಲಿ ರೈಲಿನ ಮೂತಿ, ಪಕ್ಕದಲ್ಲೇ ನನ್ನ ಮಗಳ ಮುಖ. ನೋಡಿದವರ ಎದೆ ಝಲ್ ಅನ್ನದೆ ಇರುತ್ತದಾ? ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಭಯ ಆಗಲಿಲ್ಲ. ಆ ರೈಲು ಬರುವುದು ನಾವು ನಡೆಯುವಷ್ಟು ನಿಧಾನಕ್ಕೆ. ಶಿರವಾಡ ಸ್ಟೇಷನ್ನಿನಲ್ಲಿ ನಿಲ್ಲದೆ ಧಡಧಡ ಓಡುವ ಗೂಡ್ಸ್ ಗಾಡಿ ನೋಡಿ ಬೆಳೆದವರಿಗೆ ಅದು ರೈಲು ಅಂತಲೇ ಅನಿಸುವುದಿಲ್ಲ. ಅಲ್ಲಿ ನನಗೆ ಆಗಿದ್ದು ನಾಚಿಕೆ. ಅದನ್ನು ಆಮೇಲೆ ಹೇಳುತ್ತೇನೆ.

ಊರಿನ ಹೆಸರು ಮೆಕ್ಲಾಂಗ್. ಬ್ಯಾಂಕಾಕಿನಿಂದ ಎಂಬತ್ತು ಕಿಲೋಮೀಟರಿನ ಒಳಗೇ ಇದೆ. ಅದೇ ಹೆಸರಿನ ನದಿ ಅಲ್ಲಿ ಸಮುದ್ರ ಸೇರುತ್ತದೆ, ನಮ್ಮಲ್ಲಿ ಕಾಳಿ ಸೇರುವ ಹಾಗೆ. ಹಾಗಾಗಿ ವ್ಯಾನಿನಿಂದ ಇಳಿದ ಕೂಡಲೇ ಮೂಗಿಗೆ ಬಡಿದ ವಾಸನೆ ನಮಗೆ ಹೊಸದೇನಲ್ಲ. ಸಂತೆಗೆ ಅಲ್ಲಿಯವರು ಇಟ್ಟ ಹೆಸರು "ತಲಾತ್ ರೋಮ್ ಹುಪ್". ಕೊಡೆ ಮಡಚುವ ಸಂತೆ ಅಂತ ಅರ್ಥ. ನೂರು ವರ್ಷಕ್ಕೂ ಹಳೆಯ ಚಿಕ್ಕ ರೈಲು ಮಾರ್ಗ ಅದು, ಈ ಕಡೆಯ ಮೀನು ಮತ್ತು ಬೆಳೆಯನ್ನು ಬ್ಯಾಂಕಾಕಿಗೆ ಸಾಗಿಸಲಿಕ್ಕೆ ಹಾಕಿದ್ದು. ಮಧ್ಯೆ ತಾಚಿನ್ ನದಿ ಬರುತ್ತದೆ. ಅದಕ್ಕೆ ರೈಲು ಸೇತುವೆಯೇ ಕಟ್ಟಲಿಲ್ಲ. ಇವತ್ತಿಗೂ ಆ ದಡದಲ್ಲಿ ಇಳಿದು, ದೋಣಿಯಲ್ಲಿ ದಾಟಿ, ಈ ದಡದಲ್ಲಿ ಇನ್ನೊಂದು ರೈಲು ಹತ್ತಬೇಕು.

ನಾವು ಹೋದದ್ದು ನಾಲ್ಕು ಜನ: ನಾನು, ನಮ್ಮವರು, ಹನ್ನೊಂದು ವರ್ಷದ ಮಗಳು, ಎಪ್ಪತ್ತೆರಡರ ಅತ್ತೆ. "12 ಗಂಟೆಗೆ ರೈಲು" ಅಂತ ವ್ಯಾನಿನವನು ಹೇಳಿದ್ದ. ಹೋಗಿ ನೋಡಿದರೆ 11:10ಕ್ಕೆ ಬಂದ ರೈಲು 11:30ಕ್ಕೆ ವಾಪಸ್ ಹೋಗಿಯಾಗಿದೆ! ಮುಂದಿನದು 14:30ಕ್ಕೆ. ದಿನಕ್ಕೆ ನಾಲ್ಕು ಸಲ ಬರುತ್ತದೆ, ನಾಲ್ಕು ಸಲ ಹೋಗುತ್ತದೆ, ಅಷ್ಟೇ. ನಮ್ಮವರ ಮುಖ ಸಣ್ಣದಾಯಿತು. ಅತ್ತೆ ಮಾತ್ರ, "ಒಳ್ಳೇದೇ ಆಯ್ತು, ಆರಾಮಾಗಿ ಸಂತೆ ನೋಡುವಾ" ಅಂದರು.

ನಿಜಕ್ಕೂ ಒಳ್ಳೇದೇ ಆಯ್ತು. ರೈಲಿನ ಜತೆ ಪ್ರವಾಸಿಗರೂ ಖಾಲಿಯಾದರು. ಉಳಿದದ್ದು ಚೀಲ ಹಿಡಿದ ಊರಿನ ಹೆಂಗಸರು, ಮಾರುವವರು ಮತ್ತು ನಾವು.

ಹಳಿಯ ಮೇಲೆ ನಡೆಯುತ್ತ ಹೋದೆವು. ಎರಡೂ ಬದಿ ಮೆಣಸು, ಗಾಲಂಗ ಅನ್ನುವ ಶುಂಠಿಯಂಥ ಗೆಡ್ಡೆ, ಸಿಗಡಿ, ಏಡಿ. ಆಮೇಲೆ ಒಂದು ಕಡೆ ಅತ್ತೆ ಗಕ್ಕನೆ ನಿಂತುಬಿಟ್ಟರು. ಅಂಗೈಯಗಲದ ಬಿದಿರಿನ ಬುಟ್ಟಿಗಳು, ಒಂದೊಂದರಲ್ಲೂ ಎರಡು ಮೂರು ಮೀನು. ಎಲ್ಲದರ ತಲೆಯೂ ಕೆಳಗೆ ಬಗ್ಗಿದೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ.

"ಬಂಗಡೆ ಅಲ್ವನೇ ಇದು?"

ಅಲ್ಲಿ ಅದಕ್ಕೆ ಪ್ಲಾ ಥೂ ಅನ್ನುತ್ತಾರೆ. ಮೆಕ್ಲಾಂಗ್ ಹೆಸರುವಾಸಿಯಾಗಿರುವುದೇ ಆ ಮೀನಿಗೆ, ಥೈಲ್ಯಾಂಡಿನವರಿಗೆ ರೈಲು ಆಮೇಲೆ. ಅತ್ತೆಯ ಕಣ್ಣು ತಪ್ಪಿರಲಿಲ್ಲ. ನಮ್ಮ ಬಂಗಡೆಯದೂ ಪ್ಲಾ ಥೂದೂ ಒಂದೇ ಕುಲ, ರಾಸ್ಟ್ರೆಲ್ಲಿಗರ್. ಅದು ಸ್ವಲ್ಪ ಗಿಡ್ಡ, ಹೊಟ್ಟೆ ಅಗಲ. ಉಪ್ಪುನೀರಿನಲ್ಲಿ ಬೇಯಿಸಿ ಮಾರುತ್ತಾರೆ. ಬುಟ್ಟಿಯಲ್ಲಿ ಹಿಡಿಸಲಿ ಅಂತ ಬೇಯಿಸುವ ಮೊದಲೇ ಕತ್ತು ಮುರಿದು ಬಗ್ಗಿಸುತ್ತಾರೆ. "ಬಗ್ಗಿದ ಮುಖ, ಮುರಿದ ಕತ್ತು" ಅಂತ ಅಲ್ಲಿ ಒಂದು ಮಾತೇ ಇದೆ, ಅಸಲಿ ಮೆಕ್ಲಾಂಗ್ ಮೀನಿನ ಗುರುತು ಅದು.

ಅತ್ತೆಗೆ ಥಾಯ್ ಬರುವುದಿಲ್ಲ, ಆ ಹೆಂಗಸಿಗೆ ಕನ್ನಡವೂ ಇಲ್ಲ, ಕೊಂಕಣಿಯೂ ಇಲ್ಲ. ಆದರೂ ಕಾರವಾರ ಮಾರ್ಕೆಟ್ಟಿನಲ್ಲಿ ನಡೆಯುವುದೆಲ್ಲ ಅಲ್ಲೂ ನಡೆಯಿತು. ಅತ್ತೆ ಮೀನು ಒತ್ತಿ ನೋಡಿದರು, ಮುಖ ಸಿಂಡರಿಸಿದರು, ಮುಂದಿನ ಅಂಗಡಿಗೆ ಹೊರಟ ಹಾಗೆ ಮಾಡಿದರು. ಆಕೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ್ದನ್ನು ಅಳಿಸಿ ಇವರು ಇನ್ನೊಂದು ಒತ್ತಿದರು. ಕೊನೆಗೆ ನೂರು ಬಾಟಿಗೆ ಮೂರು ಬುಟ್ಟಿ. ಇಟ್ಟುಕೊಳ್ಳುವುದು ಎಲ್ಲಿ, ತಿನ್ನುವುದು ಯಾವಾಗ ಅಂತ ನಮ್ಮವರು ಕೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಈಗ ರೈಲಿನ ಕಥೆ. ಎರಡು ಗಂಟೆ ದಾಟುತ್ತಿದ್ದ ಹಾಗೆ ಜನ ತುಂಬಿದರು. ಮೈಕಿನಲ್ಲಿ ಏನೋ ಕೂಗಿದರು. ಅಂಗಡಿಯವರಲ್ಲಿ ಗಡಿಬಿಡಿಯೇ ಇಲ್ಲ. ಕೋಲು ಎಳೆದರು, ತಲೆ ಮೇಲಿನ ತಾಡಪತ್ರೆ ಹಿಂದಕ್ಕೆ ಬಂತು. ಮೀನಿನ ಹಲಗೆಗಳ ಕೆಳಗೆ ಪುಟ್ಟ ಚಕ್ರ ಇರುತ್ತದೆ, ಮೇಜಿನ ಖಾನೆ ಮುಚ್ಚಿದ ಹಾಗೆ ಒಳಗೆ ತಳ್ಳಿದರು. ತರಕಾರಿ ರಾಶಿ ಮಾತ್ರ ಹಳಿಯ ಪಕ್ಕ ಇದ್ದಲ್ಲೇ ಇತ್ತು. ಅಯ್ಯೋ, ಇದನ್ನು ಮರೆತರಾ ಅಂದುಕೊಂಡೆ. ಮರೆತಿರಲಿಲ್ಲ. ರೈಲಿನ ಹೊಟ್ಟೆ ಟೊಮೆಟೊ ರಾಶಿಯ ಮೇಲಿಂದ ಒಂದು ಗೇಣು ಎತ್ತರದಲ್ಲಿ ಹಾದುಹೋಯಿತು. ಒಂದು ಟೊಮೆಟೊ ಉರುಳಲಿಲ್ಲ.

ನನ್ನ ನಾಚಿಕೆಯ ಕಥೆಯೂ ಆಗಲೇ ಆದದ್ದು. ನಿಲ್ಲಬೇಕಾದ ಗೆರೆಯನ್ನು ನೆಲದ ಮೇಲೆ ಬಳಿದಿದ್ದಾರೆ. ನಾನು ಮೊಬೈಲಿನಲ್ಲಿ ಮಗಳನ್ನೂ ರೈಲನ್ನೂ ಒಟ್ಟಿಗೆ ಹಿಡಿಯಲು ಹೋಗಿ, ಗೆರೆ ದಾಟಿ, ಒಂದು ಕಾಲನ್ನು ಯಾರದೋ ಬಸಳೆಯಂಥ ಸೊಪ್ಪಿನ ಬುಟ್ಟಿಯೊಳಗೇ ಇಟ್ಟಿದ್ದೆ. ಸೊಪ್ಪಿನಾಕೆ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಬೈಯಲಿಲ್ಲ. ರೈಲು ಹೋದ ಮೇಲೆ ಜಜ್ಜಿದ ಸೊಪ್ಪನ್ನು ಬೇರೆ ಮಾಡಿ ಮಗ್ಗುಲಿಗೆ ಇಟ್ಟಳು. ದುಡ್ಡು ಕೊಡಲು ಹೋದರೆ ಬೇಡ ಅಂತ ಕೈ ಆಡಿಸಿದಳು. ಸ್ಟೇಟಸ್‌ನಲ್ಲಿ ನೀವು ನೋಡಿದ್ದು ಅದೇ ವಿಡಿಯೊ, ಕೊನೆಗೆ ಗಡಗಡ ಅಲುಗಾಡಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆ ಸಂತೆಯಲ್ಲಿ ಅಪಾಯ ಅಂತ ಏನಾದರೂ ಇದ್ದರೆ ಅದು ನಮ್ಮಂಥವರು. ಮಾರುವವರಿಗೆ ಆ ರೈಲು ನಮ್ಮ ಕಡಲಿನ ಭರತ ಇಳಿತ ಇದ್ದ ಹಾಗೆ.

ಹೋಗುವವರಿಗೆ ಎರಡು ಮಾತು. ರೈಲಿನ ಸಮಯವನ್ನು ವ್ಯಾನಿನವರನ್ನು ಕೇಳಬೇಡಿ, ಸ್ಟೇಷನ್ನಿನ ಬೋರ್ಡು ನೋಡಿ. ಎರಡು ಗಂಟೆಯಾದರೂ ಮೊದಲೇ ಹೋಗಿ, ಏಕೆಂದರೆ ರೈಲು ಹಾದುಹೋಗಲಿಕ್ಕೆ ಹಿಡಿಯುವುದು ಎರಡು ಮೂರು ನಿಮಿಷ, ಅಷ್ಟೇ. ಶಿರಸಿ ಕಡೆಯ ಗೆಳತಿಯರು ಊಟದ್ದೇನು ಅಂತ ಕೇಳುತ್ತಾರೆ. ಬರೀ ತರಕಾರಿ ಪಲ್ಯ ಅಂತ ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರಬಹುದು. "ಜೇ" ಅಂತ ಹೇಳಿ, ಶುದ್ಧ ಸಸ್ಯಾಹಾರ ಅಂತ ಅವರಿಗೆ ಗೊತ್ತಾಗುತ್ತದೆ. ಅದೂ ಬೇಡ ಅನಿಸಿದರೆ ಹಣ್ಣು ಧಾರಾಳ ಸಿಗುತ್ತದೆ. ಮಾವು ತಿಂದು ಅತ್ತೆ ಅಂದದ್ದು, "ಅಂಕೋಲೆ ಕರಿ ಇಶಾಡು ಮುಂದೆ ಇದೆಂಥದು." ಅವರ ತವರು ಅಂಕೋಲೆ, ಅದನ್ನು ಲೆಕ್ಕ ಹಿಡಿದುಕೊಳ್ಳಿ.

ಅಂದಹಾಗೆ, ಈ ಪ್ರಶ್ನೆ ಕೇಳದವರು ಒಬ್ಬರೇ, ನಮಗೆ ಯಾವಾಗಲೂ ಮೀನು ಕೊಡುವಾಕೆ. ಊರಿಗೆ ಬಂದ ವಾರ ಅತ್ತೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ರೈಲು, ತಾಡಪತ್ರೆ, ಟೊಮೆಟೊ ಎಲ್ಲ ವರ್ಣಿಸಿದರು. ಅವಳು ತಾರ್ಲೆಗೆ ನೀರು ಚಿಮುಕಿಸುತ್ತ ಕೇಳಿದಳು.

"ರೈಲು ಇರ್ಲಿ. ಬಂಗಡೆ ಹ್ಯಾಂಗೆ ಅಲ್ಲಿ?"

ಅತ್ತೆ ದರ ಹೇಳಿದರು, ಬುಟ್ಟಿಯ ಅಳತೆಯನ್ನು ಕೈಯಲ್ಲಿ ತೋರಿಸಿದರು, ಅದರಲ್ಲಿ ಹಿಡಿಸಲಿಕ್ಕೆ ಕತ್ತು ಮುರಿಯುತ್ತಾರೆ ಅಂದರು.

ಅವಳು ಎದುರಿನ ಬಂಗಡೆ ರಾಶಿಯನ್ನೊಮ್ಮೆ ನೋಡಿದಳು.

"ದೊಡ್ಡ ಬುಟ್ಟಿ ತಗೊಳ್ಳೂಕೆ ಏನಾಗಿತ್ತು ಅವ್ರಿಗೆ?"