ಮಲ್ಪೆಯಿಂದ ಸೇಂಟ್ ಮೇರಿಸ್: ಕಲ್ಲು ನೋಡಲು ಹೋಗುವವರಿಗೆ

ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವವರಲ್ಲಿ ಎಷ್ಟೋ ಜನ ಅಲ್ಲಿನ ಕಲ್ಲನ್ನು ಸರಿಯಾಗಿ ನೋಡುವುದೇ ಇಲ್ಲ. ಬೋಟ್ ಇಳಿದಲ್ಲೇ ಸೆಲ್ಫಿ, ಸ್ವಲ್ಪ ನೀರಾಟ, ವಾಪಸ್. ಕಲ್ಲಿಗಾಗಿಯೇ ಹೋಗುವವರು ಮುಂದೆ ಓದಿ.

ಮೊದಲು ರೂಮಿನ ವಿಷಯ, ಯಾಕಂದ್ರೆ ಸಿಟ್ಟು ಇನ್ನೂ ಇಳಿದಿಲ್ಲ. ಬಂದರಿನ ಹತ್ತಿರದ ಒಂದು ಲಾಡ್ಜ್‌ನಲ್ಲಿ ‘ಸೀ ವ್ಯೂ’ ಎಂದು ರಾತ್ರಿಗೆ 2,800 ರೂಪಾಯಿ ತಗೊಂಡರು. ಕಿಟಕಿ ತೆಗೆದರೆ ಎದುರಿಗೆ ಐಸ್ ಪ್ಲಾಂಟಿನ ಗೋಡೆ. ಬಾತ್‌ರೂಮಿನ ವೆಂಟಿಲೇಟರ್‌ನಲ್ಲಿ ಇಣುಕಿದರೆ ಕಡಲಿನ ಒಂದು ಚೂರು ಕಾಣುತ್ತಿತ್ತು, ಅಷ್ಟೆ. ರಾತ್ರಿಯಿಡೀ ಐಸ್ ಪುಡಿ ಮಾಡುವ ಸದ್ದು. ಬೆಳಗಿನ ಜಾವಕ್ಕೆ ಮೀನಿನ ಲಾರಿಗಳ ಹಾರ್ನ್. ಮ್ಯಾನೇಜರನ್ನು ಕೇಳಿದರೆ, “ಬಂದರು ಅಂದಮೇಲೆ ಇದೆಲ್ಲ ಇರ್ತದೆ ಅಲ್ವಾ ಸರ್?” ಎಂದರು. ಉಡುಪಿಯಲ್ಲೇ ಉಳಿದುಕೊಳ್ಳಿ. ಅಲ್ಲಿಂದ ಮಲ್ಪೆ ಸುಮಾರು ಆರು ಕಿಲೋಮೀಟರ್. ಸಿಟಿ ಬಸ್ಸುಗಳು ಬರುತ್ತಲೇ ಇರುತ್ತವೆ, ಸುಮ್ನೆ ಆಟೋಗೆ ದುಡ್ಡು ಹಾಕಬೇಡಿ.

ಬಂದರಿನ ದೊಡ್ಡ ಬೋಟು ಜನ ತುಂಬದೆ ಹೊರಡುವುದಿಲ್ಲ. “ಇನ್ನೊಂದು ಹತ್ತು ಜನ ಆದ್ರೆ ಬಿಡುದೇ ಮಾರಾಯ್ರೆ” ಎನ್ನುತ್ತಾ ಬಿಸಿಲಲ್ಲಿ ಕೂರಿಸಿದರು. ದ್ವೀಪ ಮುಟ್ಟಿದ ಮೇಲೆ ಮಾತ್ರ ಅವರಿಗೆ ಎಲ್ಲಿಲ್ಲದ ಅವಸರ, ಇಷ್ಟು ಹೊತ್ತಿಗೆ ವಾಪಸ್ ಬರಲೇಬೇಕು ಎಂದು ತಾಕೀತು. ಹಾಗಾಗಿ ವಾರದ ನಡುವೆ, ದಿನದ ಮೊದಲ ಬೋಟಿಗೇ ಹೋಗಿ. ಭಾನುವಾರವಂತೂ ಬೇಡವೇ ಬೇಡ. ಜನಜಂಗುಳಿ ನನಗೆ ಆಗುವುದಿಲ್ಲ, ನಿಮಗೆ ಅಡ್ಡಿಯಿಲ್ಲದಿದ್ದರೂ ದ್ವೀಪದ ಕಲ್ಲುಕಂಬಗಳ ಮೇಲೆಲ್ಲ ಜನ ಕೂತಿದ್ದರೆ ನೋಡುವುದಾದರೂ ಏನನ್ನು?

ಇಳಿದ ತಕ್ಷಣ ತೆಂಗಿನ ಮರಗಳನ್ನು ದಾಟಿ ಕಂಬಗಳ ಕಡೆ ನಡೆದುಬಿಡಿ. ಐದು, ಆರು, ಏಳು ಮೂಲೆಯ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಉಳಿ ಹಿಡಿದು ಕಡೆದ ಹಾಗೇ ಇದೆ, ಆದರೆ ಯಾರೂ ಕಡೆದದ್ದಲ್ಲ. ಲಾವಾ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು, ಆ ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾದವು. ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು, ಎಂದು ಹಲವು ಕಡೆ ಬರೆದಿರುತ್ತಾರೆ. ನಿಜಕ್ಕೂ ಇದು ಸಿಲಿಕಾ (ಮರಳಿನಲ್ಲಿ ಹೆಚ್ಚಾಗಿರುವ ಖನಿಜಾಂಶ) ಜಾಸ್ತಿ ಇರುವ ರಯೋಲೈಟ್ ಜಾತಿಯ ಲಾವಾ ಕಲ್ಲು. ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಡುತ್ತಿತ್ತು. ಅದೇ ಕಾಲದ ಲಾವಾ ಅಲ್ಲಿಯೂ ಸಿಗುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಎಂಬ ಕತೆಯನ್ನೇ ಎಲ್ಲರೂ ಹೇಳುತ್ತಾರೆ. ಮಡಗಾಸ್ಕರ್ ಕತೆಯ ಮುಂದೆ ಅದು ನಿನ್ನೆ ಮೊನ್ನೆಯದು.

ಹಿಡಿತ ಇರುವ ಶೂ ಹಾಕಿಕೊಳ್ಳಿ. ದಡದ ಚಿಪ್ಪುಗಳು ಬರಿಗಾಲಿಗೆ ಚುಚ್ಚುತ್ತವೆ, ಪಾಚಿ ಹಿಡಿದ ಕಲ್ಲು ಜಾರುತ್ತದೆ. ಉಳಿಯಲು ಅಲ್ಲಿ ಜಾಗವಿಲ್ಲ.

ವಾಪಸ್ ಬಂದಾಗ ಹಸಿವು ಜೋರು. ಬಂದರಿನ ಒಳದಾರಿಯಲ್ಲಿ, ಬಲೆ ಹೊಲಿಯುವವರೂ ಲಾರಿ ಡ್ರೈವರ್‌ಗಳೂ ಉಣ್ಣುವ ಒಂದು ಶೀಟಿನ ಮನೆ. ಹೊರಗೆ ಬೋರ್ಡೂ ಇಲ್ಲ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಎಲ್ಲ ಸೇರಿ 80 ರೂಪಾಯಿ. ಬಂಗುಡೆ ಪುಳಿಮುಂಚಿ ಬೇರೆ ತಗೊಂಡೆ. ಹುಳಿ, ಖಾರ ಎರಡೂ ಮೀನಿನ ಒಳಗಿನವರೆಗೆ ಹಿಡಿದಿತ್ತು. ಬಡಿಸುವ ಅಮ್ಮ ಕೇಳದೆಯೇ ಎರಡನೇ ಸಲ ಸಾರು ಹಾಕಿದರು, ಮೂರನೇ ಸಲ ನಾನೇ ಕೇಳಿದೆ. ಬೂತಾಯಿ ಫ್ರೈ ಒಂದೂವರೆಗೆಲ್ಲ ಖಾಲಿ, ಬೇಗ ಹೋಗಿ. ಬೀಚಿನ ಎದುರಿನ ಎ.ಸಿ. ಹೋಟೆಲಿನಲ್ಲಿ ಇದೇ ಬಂಗುಡೆಗೆ ಮೂರು ಪಟ್ಟು ರೇಟು, ರುಚಿ ಅರ್ಧ.

ಸಂಜೆಗೆ ಸಮಯ ಉಳಿದರೆ, ಉಡುಪಿಯ ದಕ್ಷಿಣಕ್ಕೆ ಕಾಪು ಬೀಚಿನ ದೀಪಸ್ತಂಭವಿದೆ. 1901ರದ್ದು, ಬಂಡೆಯ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ. ಚೆನ್ನಾಗಿದೆ, ಆದರೆ ಕ್ಯೂ. ನಾನಾದರೆ ಮಲ್ಪೆಯ ಉತ್ತರಕ್ಕಿರುವ ಕೋಡಿಬೆಂಗ್ರೆಗೆ ಹೋಗಿ ಎನ್ನುತ್ತೇನೆ. ರಸ್ತೆಯ ಒಂದು ಬದಿ ನದಿ, ಇನ್ನೊಂದು ಬದಿ ಕಡಲು, ತುದಿಯಲ್ಲಿ ಅಳಿವೆ. ಕಡಲು ಮರಳನ್ನು ಹೇಗೆ ಸಾಲಾಗಿ ಪೇರಿಸುತ್ತದೆ ಎಂದು ಅಲ್ಲಿ ಕಣ್ಣಾರೆ ಕಾಣುತ್ತದೆ.

ಮಳೆಗಾಲದಲ್ಲಿ ದ್ವೀಪದ ಬೋಟು ಬಂದ್. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಬಂದರಿನಲ್ಲೂ ಗದ್ದಲವಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಒಣಮೀನು ತಗೊಂಡರೆ ಮೂರು ಕವರಿನಲ್ಲಿ ಕಟ್ಟಿಸಿ. ಬೆಂಗಳೂರಿನ ಎ.ಸಿ. ಸ್ಲೀಪರ್‌ನಲ್ಲಿ ಶಿರಾಡಿ ಘಾಟಿ ಹತ್ತುವ ಮೊದಲೇ ಕಂಡಕ್ಟರ್ ಮೂಗು ಹಿಡಿದುಕೊಂಡು ಬರುತ್ತಾರೆ.