ಖೊನ್ ಕೇನ್‌ನಲ್ಲಿ ಇಸಾನ್ ಊಟ ಹುಡುಕುವವರಿಗೆ

ಈಶಾನ್ಯ ಥಾಯ್ಲೆಂಡಿನ ಖೊನ್ ಕೇನ್‌ನಲ್ಲಿ ಒಳ್ಳೆಯ ಇಸಾನ್ ಊಟ, ಅಂದರೆ ಈ ಈಶಾನ್ಯ ಸೀಮೆಯದೇ ಅಡುಗೆ, ಬೇಕಾದರೆ ಎಸಿ ಹೋಟೆಲು ಬಿಡಿ. ಒನಕೆಯ ಸದ್ದು ಕೇಳುವ, ಇದ್ದಿಲ ಹೊಗೆ ಏಳುವ ರಸ್ತೆಬದಿಯ ಅಂಗಡಿಗೆ ಮಧ್ಯಾಹ್ನವೇ ಹೋಗಿ.

ಸುಟ್ಟ ಕೋಳಿ, ಅಂದರೆ ಗೈ ಯಾಂಗ್‌ಗೆ ಉಡಾನ್ ಥಾನಿ ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದ ಖಾವೊ ಸುವಾನ್ ಕ್ವಾಂಗ್ ಹೆಸರುವಾಸಿ. ಬಿದಿರ ಸೀಳಿನಲ್ಲಿ ಸಿಕ್ಕಿಸಿದ ಕೋಳಿಯನ್ನು ಸಣ್ಣ ಕಾವಿನಲ್ಲಿ ನಿಧಾನವಾಗಿ ಸುಟ್ಟಿರಬೇಕು. ಉರಿ ಜಾಸ್ತಿಯಾದರೆ ಚರ್ಮ ಕರಕಲು, ಮೂಳೆಯ ಬಳಿ ಹಸಿ.

ಪಪ್ಪಾಯಿಕಾಯಿಯನ್ನು ಒನಕೆಯಿಂದ ಕುಟ್ಟಿ ಮಾಡುವ ಸಲಾಡ್, ಅಂದರೆ ಸೋಮ್ ಟಾಮ್ ಕೇಳುವಾಗ ಹೆಸರು ಬಿಡಿಸಿ ಹೇಳಿ. 'ಟಾಮ್ ಥಾಯ್' ಸಿಹಿ-ಹುಳಿ, ಕಡಲೇಕಾಯಿ ಇರುತ್ತದೆ. 'ಟಾಮ್ ಲಾವೊ'ದಲ್ಲಿ ಪ್ಲಾ ರಾ, ಅಂದರೆ ಹುದುಗಿಸಿದ ಮೀನು. ಇಸಾನ್‌ನ ನಿಜವಾದ ರುಚಿ ಇದೇ. ಖಾರಕ್ಕೆ ಮೆಣಸಿನಕಾಯಿ ಎಣಿಸಿ ಹೇಳುವುದು ವಾಸಿ: ಮೊದಲ ಸಲ ಎರಡು ಸಾಕು. ಸಸ್ಯಾಹಾರಿಗಳು 'ಜೇ' ಅನ್ನಿ. ಪ್ಲಾ ರಾ ಬೇಡ ಅಂದರಷ್ಟೇ ಸಾಲದು, ಮೀನಿನ ಸಾಸ್, ಒಣ ಸೀಗಡಿ ಉಳಿದೇ ಇರುತ್ತವೆ.

ಅಂಟು ಅನ್ನ ಬಿದಿರಿನ ಬುಟ್ಟಿಯಲ್ಲಿ ಬರುತ್ತದೆ. ಚಿಕ್ಕ ಉಂಡೆ ಕಟ್ಟಿ ಅದ್ದಿಕೊಂಡು ತಿನ್ನಿ, ಪ್ರತಿ ಸಲವೂ ಮುಚ್ಚಳ ಹಾಕಿ. ಇಲ್ಲವಾದರೆ ಬೇಗ ಗಟ್ಟಿಯಾಗುತ್ತದೆ.

ಲಾಬ್, ಅಂದರೆ ಕೊಚ್ಚಿದ ಮಾಂಸದ ಸಲಾಡ್, ಬೇಕೆಂದರೆ 'ಸುಕ್', ಬೇಯಿಸಿದ್ದು, ಎಂದೇ ಕೇಳಿ. ಹುರಿದ ಅಕ್ಕಿಪುಡಿಯ ಘಮ ಇರಬೇಕು. ಹಸಿ ಸಿಹಿನೀರಿನ ಮೀನಿನ 'ಕೋಯ್ ಪ್ಲಾ' ಮಾತ್ರ ಮುಟ್ಟಬೇಡಿ. ನಿಂಬೆರಸ ಹಿಂಡಿದರೆ ಮೀನಿನೊಳಗಿದ್ದು, ತಿಂದವರ ಪಿತ್ತಜನಕಾಂಗ ಸೇರುವ ಹುಳು ಸಾಯುವುದಿಲ್ಲ. ಈ ಸೀಮೆಯಲ್ಲಿ ಪಿತ್ತನಾಳದ ಕ್ಯಾನ್ಸರ್ ಹೆಚ್ಚಿರುವುದಕ್ಕೆ ಆ ಹುಳುವೇ ಮುಖ್ಯ ಕಾರಣ.